ಮರೆ ಮಾಡಿ ಕಂಡದ್ದು

ಕುಂದಾ ಕಡೆಯಿಂದ ಊಟಿಗೆ ಹೋಗುವವರಲ್ಲಿ ಹಲವರು ಮುತ್ತೊರೈ ಇಳಿಜಾರಿನ ಉಕ್ಕಿನ ಕಮಾನುಗಳ ಸಾಲನ್ನು ನೋಡಿರುತ್ತಾರೆ. ಗೋವಿಂದ ಸ್ವರೂಪ್ ಅವರ ತಂಡ ಕಟ್ಟಿ 1970ರಲ್ಲಿ ಕೆಲಸಕ್ಕೆ ಹಚ್ಚಿದ ರೇಡಿಯೊ ದೂರದರ್ಶಕ ಅದು. ಉದ್ದ 530 ಮೀಟರ್, ಅಗಲ 30. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಬಂದ ಮೇಲೆ ಇದೆಲ್ಲ ಹಳೇ ಕಬ್ಬಿಣ ಎನ್ನುವ ಮಾತನ್ನು ಓದಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಕನ್ನಡಿ ದೊಡ್ಡದಾದಷ್ಟೂ, ಬೆಳಕು ಹೆಚ್ಚಿದಷ್ಟೂ ತಿಳಿವಳಿಕೆ ಹೆಚ್ಚು ಎಂಬುದು ಅವರ ಲೆಕ್ಕ. ಆ ಲೆಕ್ಕ ಪೂರ್ತಿ ಸರಿಯಲ್ಲವೆಂದು ತೋರಿಸಿಕೊಟ್ಟದ್ದು ವೆಬ್ ದೂರದರ್ಶಕವೇ.

ಸರ್ಸಿನಸ್ ಗೆಲಾಕ್ಸಿ ನಮಗೆ ಸುಮಾರು 1.3 ಕೋಟಿ ಜ್ಯೋತಿರ್ವರ್ಷ ದೂರ. ಅದರ ನಡುವಿನ ಕಪ್ಪುಕುಳಿ ಸುತ್ತಲಿನದನ್ನು ಎಳೆದು ನುಂಗುತ್ತಿದೆ. ಕಾದ ಧೂಳು ಅವಕೆಂಪಿನಲ್ಲಿ ಹೊಳೆಯುತ್ತದೆ. ಇಂಥ ಗೆಲಾಕ್ಸಿಗಳಲ್ಲಿ ಲೆಕ್ಕಕ್ಕೆ ಸಿಗದ ಹೆಚ್ಚುವರಿ ಹೊಳಪು ಹೊರಕ್ಕೆ ಚಿಮ್ಮುವ ಧೂಳಿನದೇ ಎಂದು ಬಹಳಷ್ಟು ಜನ ನಂಬಿದ್ದರು. ಅದನ್ನು ಪರೀಕ್ಷಿಸಲು ಖಗೋಳಜ್ಞರು ವೆಬ್‌ನ 6.5 ಮೀಟರ್ ಕನ್ನಡಿಯಿಂದ ಬಂದ ಬೆಳಕಿಗೆ ಏಳೇ ತೂತುಗಳ ತಗಡೊಂದನ್ನು ಅಡ್ಡವಿಟ್ಟರು. ಬೆಳಕಿನ ಬಹುಪಾಲು ಅಲ್ಲೇ ಉಳಿಯಿತು. ತೂತು ದಾಟಿದ ಅಲೆಗಳು ಒಂದರೊಡನೊಂದು ಬೆರೆತು ಮೂಡಿಸಿದ ಪಟ್ಟೆಗಳಲ್ಲಿ 13 ಮೀಟರ್ ಕನ್ನಡಿಗೆ ಸಮನಾದ ಸೂಕ್ಷ್ಮ ವಿವರ ಸಿಕ್ಕಿತು. 2026ರ ಜನವರಿಯಲ್ಲಿ ಫಲಿತಾಂಶ ಹೊರಬಂತು: ಕಾದ ಧೂಳಿನ ಹೊಳಪಿನಲ್ಲಿ ಸುಮಾರು ಶೇ. 87 ಕಪ್ಪುಕುಳಿಯ ತೀರ ಹತ್ತಿರದ್ದು. ಹೊರಚಿಮ್ಮುವ ಧೂಳಿನದು ಶೇ. 1ಕ್ಕೂ ಕಡಿಮೆ.

ಮರೆ ಮಾಡಿ ಕಾಣುವ ಈ ವಿದ್ಯೆ ಮುತ್ತೊರೈಗೆ ಅರ್ಧ ಶತಮಾನದಷ್ಟು ಹಳೆಯದು. ಅಲ್ಲಿ ತಗಡಿನ ಕೆಲಸ ಚಂದ್ರನದು. ಗುಡ್ಡದ ಇಳಿಜಾರು ಇಲ್ಲಿನ ಅಕ್ಷಾಂಶದಷ್ಟೇ, ಸುಮಾರು 11 ಡಿಗ್ರಿ. ಹಾಗಾಗಿ ಇಡೀ ಕಮಾನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಮಲಗಿದೆ, ಒಂದೇ ತಿರುಗಣೆಯಲ್ಲಿ ಗಂಟೆಗಟ್ಟಲೆ ಚಂದ್ರನ ಬೆನ್ನು ಹತ್ತುತ್ತದೆ. ದೂರದ ರೇಡಿಯೊ ಗೆಲಾಕ್ಸಿಯೊಂದು ಚಂದ್ರನ ಅಂಚಿಗೆ ಸರಿಯುವ ಹೊತ್ತಿಗೆ ಸಂಕೇತದ ಗೆರೆ ಏರಿಳಿದು ನಡುಗಿ ತಟ್ಟನೆ ಕುಸಿಯುತ್ತದೆ. ಆ ಕುಸಿತ ಎಷ್ಟು ಕಡಿದಾಗಿದೆ ಎಂಬುದರಲ್ಲೇ ಗೆಲಾಕ್ಸಿಯ ಗಾತ್ರ ಅಡಗಿದೆ. ಹೀಗೆ ಅಳೆದ ಗಾತ್ರಗಳೇ 1975ರಲ್ಲಿ, ವಿಶ್ವ ಕಾಲದೊಂದಿಗೆ ಬದಲಾಗುತ್ತ ಬಂದಿದೆ ಎಂಬ ವಾದಕ್ಕೆ ಬಲ ಕೊಟ್ಟವು.

ಮುತ್ತೊರೈ ವೆಬ್‌ಗೆ ಸಾಟಿ ಎಂದು ನಾನು ಹೇಳುತ್ತಿಲ್ಲ. ಸರ್ಸಿನಸ್ ಇರುವುದು ಆಲ್ಫಾ ಸೆಂಟಾರಿಯ ಬಳಿ; ಏಪ್ರಿಲ್ ಕೊನೆಯ ನಡುರಾತ್ರಿ ಕುಂದಾದ ದಕ್ಷಿಣ ದಿಗಂತದಿಂದ ಸುಮಾರು 13 ಡಿಗ್ರಿಯಷ್ಟೇ ಮೇಲೇರುತ್ತದೆ, ಚಂದ್ರ ಆ ಕಡೆ ಸುಳಿಯುವುದೇ ಇಲ್ಲ. ಒಂದು ಗೆಲಾಕ್ಸಿಯ ಉತ್ತರ ಎಲ್ಲಕ್ಕೂ ಸಲ್ಲುವುದಿಲ್ಲ ಎಂಬುದೂ ನಿಜ. ಇದಕ್ಕಿಂತ ಪ್ರಖರವಾದ ಕಪ್ಪುಕುಳಿಗಳ ಸುತ್ತ ಚಿಮ್ಮುವ ಧೂಳಿನದೇ ಮೇಲುಗೈ ಇರಬಹುದು. ಅವುಗಳ ಬೆಳಕಿಗೂ ಅದೇ ತಗಡನ್ನು ಅಡ್ಡ ಹಿಡಿದು ನೋಡಬೇಕಿದೆ.