ಶೈಲಿಗೆ ಒಡೆಯರುಂಟೆ? ಸುರಪುರದ ಚಿತ್ರಗಳು ಮತ್ತು ಕೃತಿಸ್ವಾಮ್ಯ

ರಂಗಂಪೇಟೆಗೆ ತಾಗಿಕೊಂಡೇ ಇರುವ ಸುರಪುರ, ನಾಯಕ ದೊರೆಗಳ ಆಶ್ರಯದಲ್ಲಿ ತನ್ನದೇ ಚಿತ್ರಪರಂಪರೆಯನ್ನು ಬೆಳೆಸಿಕೊಂಡ ಊರು. ಗರುಡಾದ್ರಿ ಮನೆತನದ ಹೆಸರು ಈ ಪರಂಪರೆಯೊಂದಿಗೆ ಹೆಣೆದುಕೊಂಡಿದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಮುರಿದುಬಿತ್ತು, ಸಂಸ್ಥಾನ ಕೈತಪ್ಪಿತು, ಕಲಾವಿದರಿಗಿದ್ದ ಆಸರೆಯೂ ಹೋಯಿತು. ಆದರೂ ಕಲೆ ಸಾಯಲಿಲ್ಲ. ನಮ್ಮ ಕಾಲದಲ್ಲಿ ಕಲಬುರಗಿಯ ವಿಜಯ ಹಾಗರಗುಂಡಗಿ ಅವರಂಥವರು ಅದನ್ನು ಮತ್ತೆ ಕುಂಚಕ್ಕೆ ತಂದರು.

ಇಂಥ ಶೈಲಿಯನ್ನು ಎಐ ನಕಲು ಮಾಡಿದರೆ ಕಾನೂನು ಏನನ್ನುತ್ತದೆ? ಉತ್ತರ ಹಳೆಯದು. ಆರ್.ಜಿ. ಆನಂದ್ ಪ್ರಕರಣದಲ್ಲಿ (1978) ಸುಪ್ರೀಂ ಕೋರ್ಟ್ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೂಪಕ್ಕಷ್ಟೇ ಉಂಟು ಎಂದು ಸ್ಪಷ್ಟಪಡಿಸಿತು. ಶೈಲಿ ಯಾರ ಆಸ್ತಿಯೂ ಅಲ್ಲ ಎಂಬ ಮಾತು ಇದೇ ದಾರಿಯಲ್ಲಿ ಬರುತ್ತದೆ. ಈ ನಿಲುವನ್ನು ನಾನು ಒಪ್ಪುತ್ತೇನೆ. ಸುರಪುರದ ಶೈಲಿಯಾದರೂ ದಖ್ಖನಿನ ಸುಲ್ತಾನರ ಆಸ್ಥಾನಗಳಿಂದ, ದಕ್ಷಿಣದ ದೇವರ ಚಿತ್ರಗಳಿಂದ ಪಡೆದುಕೊಂಡೇ ಬೆಳೆದದ್ದು. ಶೈಲಿಗೆ ಬೇಲಿ ಹಾಕಿದರೆ ಮೊದಲು ಸಿಕ್ಕಿಬೀಳುವವರು ನಾಳೆ ಅದನ್ನು ಕಲಿಯಲು ಬರುವ ಮಕ್ಕಳೇ.

ಆದರೆ ಆ ತತ್ವ ಬಾಯಿಬಿಟ್ಟು ಹೇಳದ ಒಂದು ಷರತ್ತಿನ ಮೇಲೆ ನಿಂತಿತ್ತು. ಶೈಲಿಯನ್ನು ಪಡೆಯುವವನು ವರ್ಷಗಟ್ಟಲೆ ಕೂತು ಕಲಿಯಬೇಕಿತ್ತು. ಆ ಶ್ರಮವೇ ತಡೆಗೋಡೆಯಾಗಿತ್ತು. ಎಐ ಅದನ್ನು ಕಿತ್ತುಹಾಕಿದೆ. ಹಾಗೆಂದು ಅದಕ್ಕೆ ಎಲ್ಲವೂ ದಕ್ಕಿದೆ ಎಂದೇನಲ್ಲ. ಸುರಪುರದ ಚಿತ್ರಗಳಲ್ಲಿ ಚಿನ್ನವಿದೆ. ನಾವು ಎಡಕ್ಕೆ ಸರಿದರೆ ದೇವರ ಕಿರೀಟದ ಅಂಚು ಮಿನುಗುತ್ತದೆ, ಬಲಕ್ಕೆ ಸರಿದರೆ ಮಂಕಾಗುತ್ತದೆ. ಫೋಟೋದಲ್ಲಿ ಉಳಿಯುವುದು ಬರೀ ಹಳದಿ. ಫೋಟೋಗಳಿಂದ ಕಲಿತ ಯಂತ್ರಕ್ಕೆ ಗೊತ್ತಿರುವುದೂ ಆ ಹಳದಿಯೇ. ಮಾರುಕಟ್ಟೆಗೆ ಈ ವ್ಯತ್ಯಾಸ ಬೇಕಿಲ್ಲ ಎಂಬುದು ನನ್ನ ಆತಂಕ.

ಕರ್ತೃ ಯಾರು ಎಂಬ ಪ್ರಶ್ನೆಯಲ್ಲಿ ನಮ್ಮ ಕಾನೂನು ಮುಂಚೆಯೇ ಎಚ್ಚೆತ್ತಿತ್ತು ಅನಿಸುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿ, ಕಂಪ್ಯೂಟರ್ ಸೃಷ್ಟಿಸಿದ ಕೃತಿಗೆ ಅದನ್ನು ಮಾಡಿಸಿದ ವ್ಯಕ್ತಿಯೇ ಕರ್ತೃ ಎಂದಿತು. 2020ರಲ್ಲಿ 'ಸೂರ್ಯಾಸ್ತ' ಎಂಬ ಚಿತ್ರಕ್ಕೆ ರಾಘವ್ ಎಂಬ ಎಐಯನ್ನೇ ಸಹಕರ್ತೃವೆಂದು ನೋಂದಾಯಿಸಿದ ಕೃತಿಸ್ವಾಮ್ಯ ಕಚೇರಿ, ಮರುವರ್ಷ ನೋಂದಣಿ ಹಿಂಪಡೆಯಲು ನೋಟಿಸ್ ಕೊಟ್ಟಿತು. ಆದರೆ 'ಮಾಡಿಸಿದ ವ್ಯಕ್ತಿ' ಎಂದು, ಎಐಗೆ ಟೈಪ್ ಮಾಡಿದ ಒಂದು ಸಾಲಿನಷ್ಟಕ್ಕೇ ಕರ್ತೃತ್ವ ಕೊಡುವುದು ಕುಂಚ ಹಿಡಿದವರಿಗೆ ಮಾಡುವ ಅನ್ಯಾಯ.

ನಿಜವಾದ ಜಗಳ ಇರುವುದು ಎಐಗೆ ಚಿತ್ರಗಳನ್ನು ಉಣಿಸಿ ಕೊಡುವ ತರಬೇತಿಯ ವಿಷಯದಲ್ಲಿ. ಹಳೆಯ ಚಿತ್ರಗಳ ಕೃತಿಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಬದುಕಿರುವ ಕಲಾವಿದರ ಹಕ್ಕು ಮುಗಿದಿಲ್ಲ. ಜಪಾನ್ 2018ರ ತಿದ್ದುಪಡಿಯಲ್ಲಿ ತರಬೇತಿಗೆ ವಿಶಾಲ ದಾರಿ ತೆರೆಯಿತು. ಐರೋಪ್ಯ ಒಕ್ಕೂಟ 2019ರಲ್ಲಿ, ಬೇಡವೆಂದು ಹೇಳುವ ಹಕ್ಕನ್ನು ಕೃತಿಯ ಒಡೆಯರಿಗೆ ಕೊಟ್ಟಿತು. ಓಪನ್‌ಎಐ ವಿರುದ್ಧ ಎಎನ್‌ಐ ಸುದ್ದಿಸಂಸ್ಥೆ ಇದೇ ವಿಷಯಕ್ಕೆ 2024ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆಯ ಸಮಿತಿ 2025ರ ಡಿಸೆಂಬರ್‌ನಲ್ಲಿ ಬೇರೆಯದೇ ಸಲಹೆ ಮುಂದಿಟ್ಟಿತು: ತರಬೇತಿಗೆ ಕಡ್ಡಾಯ ಪರವಾನಗಿ ಇರಲಿ, ಕಂಪನಿಗಳು ಗೌರವಧನ ಕಟ್ಟಲಿ, ಬೇಡವೆನ್ನುವ ಅವಕಾಶ ಮಾತ್ರ ಬೇಡ.

ಸುರಪುರದ ಕಲಾವಿದರ ಕಡೆಯಿಂದ ನೋಡಿದರೆ ಐರೋಪ್ಯ ದಾರಿಗಿಂತ ಇದೇ ಮೇಲು. ಅವರ ಚಿತ್ರವನ್ನು ಪ್ರದರ್ಶನಕ್ಕೆ ಬಂದವರು ಮೊಬೈಲಿನಲ್ಲಿ ತೆಗೆದು, ಹೆಸರೂ ಹಾಕದೆ ಹಂಚಿರುತ್ತಾರೆ. ಅವರು ಯಾರಿಗೆ ಬೇಡವೆಂದು ಹೇಳಬೇಕು? ಹಣ ಹಂಚುವಾಗಲೂ ಕಾಡುವುದು ಇದೇ ತೊಡಕು. ಹಾಡಿಗೆ, ಸಿನಿಮಾಕ್ಕೆ ಲೆಕ್ಕವಿಡುವ ಸಂಘಗಳಿವೆ. ಸಾಂಪ್ರದಾಯಿಕ ಚಿತ್ರಕಾರರ ಪರವಾಗಿ ಯಾರು ಕೈಯೊಡ್ಡುತ್ತಾರೆ?

ಇನ್ನೊಂದು ದಾರಿ ಭೌಗೋಳಿಕ ಗುರುತು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ, ತಂಜಾವೂರು ಚಿತ್ರಗಳಿಗೆ ಅದು ದೊರೆತಿದೆ. 1999ರ ಭೌಗೋಳಿಕ ಗುರುತಿನ ಕಾಯ್ದೆ ಕಾಯುವುದು ಶೈಲಿಯನ್ನಲ್ಲ, ಹೆಸರನ್ನು. ಅದರ ಬಲ ಇರುವುದೂ ಅಲ್ಲಿಯೇ. ಯಾರು ಬೇಕಾದರೂ ಸುರಪುರದ ಚಿತ್ರಗಳನ್ನು ನೋಡಿ ಕಲಿಯಲಿ, ಯಂತ್ರದಿಂದಲೂ ಮಾಡಿಸಲಿ. ಆದರೆ ಮುದ್ರಿಸಿ ಚೌಕಟ್ಟು ಹಾಕಿ 'ಸುರಪುರ ಚಿತ್ರ' ಎಂದು ಮಾರುವಂತಿರಬಾರದು. ಜತೆಗೆ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕರ್ತೃವಿನ ನೈತಿಕ ಹಕ್ಕನ್ನು ಮಾನ್ಯ ಮಾಡುತ್ತದೆ. ದೆಹಲಿ ವಿಜ್ಞಾನ ಭವನದಿಂದ ಕಿತ್ತುಹಾಕಿದ ಭಿತ್ತಿಶಿಲ್ಪಕ್ಕಾಗಿ ಅಮರನಾಥ್ ಸೆಹಗಲ್ 2005ರಲ್ಲಿ ಗೆದ್ದದ್ದು ಇದರ ಬಲದಿಂದಲೇ. ಅದೇ ನೈತಿಕ ಹಕ್ಕಿನ ನೆಲೆಯಲ್ಲಿ, ತರಬೇತಿಗೆ ಬಳಸಿದ ಚಿತ್ರಗಳ ಪಟ್ಟಿಯಲ್ಲಿ ಕಲಾವಿದರ ಹೆಸರು ಕಡ್ಡಾಯವಾಗಿ ಉಳಿಯಬೇಕೆಂದು ಹೊಸ ನಿಯಮ ಹೇಳದಿದ್ದರೆ, ಗೌರವಧನ ಎಷ್ಟೇ ಸಂಗ್ರಹವಾದರೂ ಅದು ಸುರಪುರದ ಓಣಿಗಳವರೆಗೆ ಬರುವುದಿಲ್ಲ.