ಹೆಣದ ಲೆಕ್ಕ ಸಾಲದು

1989ರ ಮಾರ್ಚ್ 24ರಂದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು, ಸುಮಾರು ನಾಲ್ಕು ಕೋಟಿ ಲೀಟರ್ ಕಚ್ಚಾ ತೈಲ ಕಡಲಿಗೆ ಸೇರಿತು. ದಡದಲ್ಲಿ ಹೆಕ್ಕಿದ ಹಕ್ಕಿಗಳ ಹೆಣಗಳೇ 30 ಸಾವಿರಕ್ಕೂ ಹೆಚ್ಚು. ಸೋರಿಕೆಯ ಹಾನಿಯನ್ನು ಹೀಗೆ ಮೊದಲ ತಿಂಗಳುಗಳ ಸಾವಿನಿಂದ ಅಳೆಯುವುದು ರೂಢಿ. ಕಡಲಬಾತುಗಳ ಮಟ್ಟಿಗೆ ಈ ರೂಢಿ ದಾರಿ ತಪ್ಪಿಸುತ್ತದೆ.

ಹಾರ್ಲೆಕ್ವಿನ್ ಬಾತನ್ನೇ ನೋಡಿ. ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು. ಮರಿ ಮಾಡುವುದು ರಭಸದ ತೊರೆಗಳ ಬಳಿ, ಚಳಿಗಾಲ ಕಳೆಯುವುದು ಕಡಲ ಕಲ್ಲುದಂಡೆಯಲ್ಲಿ. ಅದೂ ವರ್ಷವರ್ಷವೂ ಅದೇ ದಂಡೆಯಲ್ಲಿ. ಮೈಯಲ್ಲಿ ಕೊಬ್ಬಿನ ದಾಸ್ತಾನು ಕಡಿಮೆ. ಅಲ್ಲಿನ ಗಿಡ್ಡ ಹಗಲಿನ ಬಹುಪಾಲನ್ನು ಕಲ್ಲುಗಳ ಸಂದಿಯಲ್ಲಿ ಬಸವನಹುಳು, ಪುಟ್ಟ ಏಡಿ ಹುಡುಕುವುದರಲ್ಲೇ ಸವೆಸಬೇಕು. ತೈಲ ಅಡಗಿ ಕುಳಿತದ್ದೂ ಅಲ್ಲೇ. ಜಲ್ಲಿಯ ಕೆಳಗೆ, ಕಪ್ಪೆಚಿಪ್ಪಿನ ಹಾಸುಗಳ ಅಡಿಯಲ್ಲಿ, ಗಾಳಿಯಾಡದ ಕಡೆ ಅದು ಕೊಳೆಯದೆ ವರ್ಷಗಟ್ಟಲೆ ಉಳಿಯಿತು. ಮೇಲ್ಮೈ ಶುಭ್ರ, ಅಡಿಯಲ್ಲಿ ವಿಷ.

ಸಂಶೋಧಕರು ಬಾತುಗಳ ಯಕೃತ್ತಿನ ಚೂರು ತೆಗೆದು, ತೈಲ ಒಳಹೊಕ್ಕಾಗ ಏರುವ ಸಿವೈಪಿ1ಎ ಎಂಬ ಕಿಣ್ವವನ್ನು ಅಳೆದರು. ಸೋರಿಕೆ ತಟ್ಟಿದ್ದ ದಂಡೆಗಳ ಬಾತುಗಳಲ್ಲಿ ಅದು 2011ರಲ್ಲೂ ಹೆಚ್ಚೇ ಇತ್ತು, ಇಳಿದದ್ದು ಆಮೇಲೆ. ತೊಂಬತ್ತರ ದಶಕದ ನಡುವೆ ರೇಡಿಯೊ ಅಳವಡಿಸಿ ಬಿಟ್ಟ ಹೆಣ್ಣು ಬಾತುಗಳ ಪೈಕಿ ಚಳಿಗಾಲ ದಾಟಿ ಉಳಿದವು, ತೈಲ ತಟ್ಟದ ಮಾಂಟೆಗ್ಯೂ ದ್ವೀಪದ ಕಡೆಗಿಂತ ಇಲ್ಲಿ ಕಡಿಮೆ. ಇಂಥ ಸಾವುಗಳಲ್ಲಿ ಹೆಣ ದಡಕ್ಕೆ ಬರುವುದಿಲ್ಲ, ಫೋಟೊ ಬರುವುದಿಲ್ಲ.

ಈ ಅಧ್ಯಯನದಲ್ಲೂ ಒಂದು ಕೊರತೆ ಇದೆ. ಸೋರಿಕೆಗೆ ಮುಂಚಿನ ಎಣಿಕೆ ಅಷ್ಟಕ್ಕಷ್ಟೆ, ಹಾಗಾಗಿ ಒಂದು ದಂಡೆಯನ್ನು ಇನ್ನೊಂದಕ್ಕೆ ಹೋಲಿಸಬೇಕಾಯಿತು. ವ್ಯತ್ಯಾಸಕ್ಕೆ ದಂಡೆಗಳ ಸ್ವಭಾವವೇ ಕಾರಣವೆಂದು ಎಕ್ಸಾನ್ ಕಂಪನಿಯ ಕಡೆಯ ವಿಜ್ಞಾನಿಗಳು ವಾದಿಸಿದರು. ಆದರೆ ದಂಡೆಯ ಸ್ವಭಾವ ಕಿಣ್ವವನ್ನು ಏರಿಸಿ, ಇಪ್ಪತ್ತು ವರ್ಷದ ಮೇಲೆ ಇಳಿಸೀತೇ? ಕಿಣ್ವ, ಬದುಕುಳಿಕೆ, ಸಂಖ್ಯೆ ಮೂರನ್ನೂ ಒಟ್ಟಿಗೆ, ಬಿಡದೆ ನೋಡಿದ್ದೇ ಈ ಕೆಲಸದ ನಿಜವಾದ ಬಲ.

ಕಂಪನಿಯೊಡನೆ ಅಮೆರಿಕ ಮತ್ತು ಅಲಾಸ್ಕಾ ಸರ್ಕಾರಗಳು 1991ರಲ್ಲಿ ಮಾಡಿಕೊಂಡ ಪರಿಹಾರ ಒಪ್ಪಂದದಲ್ಲಿ 90 ಕೋಟಿ ಡಾಲರ್ ಜೊತೆಗೆ, ಮುಂಗಾಣದ ಹಾನಿಗೆ ಇನ್ನೂ 10 ಕೋಟಿಯವರೆಗೆ ಕೇಳುವ ಅವಕಾಶವಿತ್ತು. 2006ರಲ್ಲಿ ಸರ್ಕಾರಗಳು ಕೇಳಿದವು. 2015ರಲ್ಲಿ, ಬಾತುಗಳೂ ಕಡಲ ನೀರುನಾಯಿಗಳೂ ಚೇತರಿಸಿಕೊಂಡಿವೆ ಎಂದು ಕೈಬಿಟ್ಟವು. ಚೇತರಿಕೆ ನಿಜ. ಆದರೆ ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ಚಳಿಗಾಲಗಳು ತಗುಲಿದವು, ನಡುವಿನ ಸಾವುಗಳಿಗೆ ಆ ಬಾಬಿನಲ್ಲಿ ಒಂದು ಡಾಲರೂ ಬರಲಿಲ್ಲ. ಮುಂದಿನ ಯಾವುದೇ ಸೋರಿಕೆಯ ಪರಿಹಾರದಲ್ಲಿ ಕನಿಷ್ಠ ಇಪ್ಪತ್ತು ವರ್ಷಗಳ ನಿಗಾವಣೆಯ ವೆಚ್ಚವನ್ನು ಮೊದಲ ದಿನವೇ ಬರೆಸಿಕೊಳ್ಳಬೇಕು.