ಅವಿಭಾಜ್ಯದ ರಸಾಸ್ವಾದ

ಗಣಿತದಲ್ಲಿಯೂ ರಸವುಂಟೆಂದು ಕೇಳಿ ಕುತೂಹಲದಿಂದ ಬಂದ ಹೊಸಬರ ಮುಂದೆ ನಾನು ಮೊದಲು ಇರಿಸಬಯಸುವುದು 170141183460469231731687303715884105727 ಎಂಬ ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಯನ್ನು. ಒಂದರಿಂದಲೂ ತನ್ನಿಂದಲೂ ಹೊರತು ಬೇರಾವ ಸಂಖ್ಯೆಯಿಂದಲೂ ಇದು ನಿಶ್ಶೇಷವಾಗಿ ಭಾಗವಾಗದು; ಇಂಥದೇ ಅವಿಭಾಜ್ಯ. 2024ರಲ್ಲಿ ಗಣಕಯಂತ್ರಗಳ ನೆರವಿನಿಂದ ದೊರೆತ ಅವಿಭಾಜ್ಯಕ್ಕೆ ನಾಲ್ಕು ಕೋಟಿಗೂ ಮಿಕ್ಕ ಅಂಕಿಗಳಿವೆಯಾದರೂ, ರಸಾಸ್ವಾದಕ್ಕೆ ಗಾತ್ರವು ಪ್ರಮಾಣವಲ್ಲ.

ಮೊದಲು ರೂಪವನ್ನು ನೋಡಬೇಕು. ಯಾವ ಕ್ರಮವೂ ಇಲ್ಲದಂತೆ ತೋರುವ ಈ ಅಂಕಿಗಳ ಸಾಲು, ಎರಡರ 127ನೆಯ ಘಾತದಿಂದ ಒಂದನ್ನು ಕಳೆದಾಗ ಉಳಿಯುವ ಸಂಖ್ಯೆಯೇ ಎಂದು ತಿಳಿದೊಡನೆ, ದ್ವಿಮಾನ ಪದ್ಧತಿಯಲ್ಲಿ ನಡುವೆ ಒಂದು ಸೊನ್ನೆಯೂ ಇಲ್ಲದೆ ಸಾಲುಗಟ್ಟಿದ 127 ಒಂದುಗಳಾಗಿ ನಮ್ಮೆದುರು ನಿಲ್ಲುತ್ತದೆ. ಘಾತವು ಒಡೆಯುವಂಥದಾದರೆ ಸಂಖ್ಯೆಯೂ ಒಡೆಯುವುದರಿಂದ 127 ಅವಿಭಾಜ್ಯವಾಗಿರಲೇಬೇಕು. ಆ 127 ಕೂಡ ಎರಡರ 7ನೆಯ ಘಾತಕ್ಕೆ ಒಂದು ಕಡಿಮೆ, 7 ಎಂಬುದು 3ನೆಯ ಘಾತಕ್ಕೆ, 3 ಎಂಬುದು 2ನೆಯ ಘಾತಕ್ಕೆ. ಇಂತಹ ವಂಶಾವಳಿಯುಳ್ಳ ಸಂಖ್ಯೆಗಳು ವಿರಳ. ನಮ್ಮ ಸಂಖ್ಯೆಯನ್ನೇ ಘಾತವಾಗಿಸಿದರೆ ಬರುವ ಮುಂದಿನ ಪೀಳಿಗೆ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಇಂದಿಗೂ ಯಾರೂ ಬಲ್ಲವರಿಲ್ಲ.

ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಕೊಟ್ಟ, ಇಂತಹ ಅವಿಭಾಜ್ಯಗಳನ್ನು ಕೊಡುವ ಘಾತಗಳ ಪಟ್ಟಿಯಲ್ಲಿ 127 ಇತ್ತು. ಆದರೆ ಅದೇ ಪಟ್ಟಿಯ 67 ಮತ್ತು 257 ಸುಳ್ಳಾದವು. 127ರ ಸಂಖ್ಯೆ ಅವಿಭಾಜ್ಯವೇ ಎಂದು 1876ರಲ್ಲಿ ಸಾಧಿಸಿ ತೋರಿಸಿದವನು ಎದುವಾರ್ ಲ್ಯೂಕಾ. ಒಂದೊಂದೇ ಭಾಜಕದಿಂದ ಭಾಗಿಸುತ್ತ ಹೋದರೆ ಮನುಷ್ಯಾಯುಷ್ಯಗಳು ಸಾಲವೆಂಬಲ್ಲಿ, ಒಂದು ಭಾಜಕವನ್ನೂ ಹುಡುಕದೆ, ಭಾಜಕವೇ ಇಲ್ಲವೆಂದು ನಿಶ್ಚಯಿಸುವ ಉಪಾಯವನ್ನು ಅವನು ಕಂಡನು. ನನಗೆ ಈ ವಿಷಯದ ಪರಮ ಸೊಗಸು ಇದೇ. ಯಂತ್ರದ ಸಹಾಯವಿಲ್ಲದೆ ಅವನು ಸಾಧಿಸಿದ ಈ ಸಂಖ್ಯೆ 1951ರವರೆಗೂ ತಿಳಿದಿದ್ದ ಅವಿಭಾಜ್ಯಗಳಲ್ಲೆಲ್ಲ ಅತ್ಯಂತ ದೊಡ್ಡದಾಗಿ ಉಳಿಯಿತು.

ಉಪಾಯವನ್ನು ಓದಿ ಬಿಟ್ಟರೆ ರಸ ಹತ್ತದು, ಕಾಗದದ ಮೇಲೆ ಮಾಡಿ ನೋಡಬೇಕು. ಘಾತವನ್ನು ನಾಲ್ಕರಿಂದ ಭಾಗಿಸಿದಾಗ ಮೂರು ಶೇಷ ಉಳಿಯುವಲ್ಲಿ, 3ರಿಂದ ಹೊರಟು, ಪ್ರತಿ ಸಲವೂ ವರ್ಗಮಾಡಿ, ಎರಡನ್ನು ಕಳೆದು, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಘಾತಕ್ಕೆ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಶೂನ್ಯ ಬಂದರೆ ಅದು ಅವಿಭಾಜ್ಯ, ಬಾರದಿದ್ದರೆ ಅಲ್ಲ. ಚಿಕ್ಕದಾದ 127ರ ಮೇಲೆಯೇ ಇದನ್ನು ಪ್ರಯೋಗಿಸಿರಿ: 3, 7, 47, ಬಳಿಕ 2207ರ ಶೇಷ 48, 2302ರ ಶೇಷ 16, ಕೊನೆಗೆ 254, ಅದು 127ರ ಎರಡರಷ್ಟಾದುದರಿಂದ ಐದನೆಯ ಹೆಜ್ಜೆಯಲ್ಲಿ ಶೂನ್ಯ. ಸಂಗೀತ ಕಚೇರಿಯಲ್ಲಿ ತನಿ ಆವರ್ತನದ ಮುಕ್ತಾಯವು ತಪ್ಪದೆ, ಹಾಡು ಎತ್ತಿಕೊಳ್ಳುವ ತಾಳದ ಜಾಗವಾದ ಎಡುಪಿಗೆ ಬಂದು ಕೂಡಿದಾಗ ಕೇಳುಗನಿಗಾಗುವ ಆನಂದವೇ ಇಲ್ಲಿಯೂ ಆಗುತ್ತದೆ. ನಮ್ಮ ಮಹಾಸಂಖ್ಯೆಗೆ ಇಂತಹ ಹೆಜ್ಜೆಗಳು 125.

ಇಷ್ಟಾದ ಮೇಲೆ ಎರಡರ 11ನೆಯ ಘಾತಕ್ಕೆ ಒಂದು ಕಡಿಮೆಯಾದ 2047ನ್ನು ತಪ್ಪದೆ ತೆಗೆದುಕೊಳ್ಳಿರಿ. ಘಾತವು ಅವಿಭಾಜ್ಯವಾದರೂ ಇದು 23 ಮತ್ತು 89ರ ಗುಣಲಬ್ಧ. ಮೂರನೆಯ ಹೆಜ್ಜೆಯಲ್ಲಿ ಬರುವ ಶೇಷ 160, ಎಂಟನೆಯದರಲ್ಲಿ ಮರಳಿ ಅದೇ 160. ಎಷ್ಟು ಕಾಲ ಮುಂದುವರಿಸಿದರೂ ಆ ಐದು ಶೇಷಗಳೇ ಸುತ್ತಿ ಸುತ್ತಿ ಬರುವುವಲ್ಲದೆ ಶೂನ್ಯವು ಬಾರದು.